ತುತ್ತಿಗೆ ಬಾಗಿಲು ತೆಗೆಯುವವರು ಯಾರು, ಹೇಳಿ ನೋಡೋಣ!

ಸುಂಕಸಾಳದಲ್ಲಿ ಬಸ್ಸಿಳಿದು, ಹೆದ್ದಾರಿ ಬದಿಯ ಹೋಟೆಲಿನಲ್ಲಿ ಬನ್ಸ್ ಮುರಿದು ಬಾಯಿಗಿಟ್ಟಿರಿ ಅನ್ನಿ. ಅಗಿದಿರಿ. ನುಂಗಿದಿರಿ. ಅಲ್ಲಿಗೆ ನಿಮ್ಮ ಅಧಿಕಾರ ಮುಗಿಯಿತು!

ಮುಂದಿನದು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳದ ಕೆಲಸ. ಅದರ ಕೆಳಭಾಗವೆಲ್ಲ ನಯಸ್ನಾಯು. ನಾವು ಹೇಳಿದಂತೆ ಕೇಳದ ಸ್ನಾಯು! ತುತ್ತಿನ ಹಿಂದೆ ಬಿಗಿಯುತ್ತದೆ, ಮುಂದೆ ಸಡಿಲಾಗುತ್ತದೆ. ಸೆಕೆಂಡಿಗೆ 2ರಿಂದ 4 ಸೆಂಟಿಮೀಟರ್ ವೇಗ! ನೀವು ತಲೆಕೆಳಗಾಗಿ ನಿಂತರೂ ತುತ್ತು ಹೊಟ್ಟೆಗೇ ಹೋಗುತ್ತದೆ!

ಕೊನೆಯಲ್ಲೊಂದು ಬಾಗಿಲು. ಸದಾ ಬಿಗಿದುಕೊಂಡಿರುವ ಸ್ನಾಯುವಿನ ಉಂಗುರ. ತುತ್ತು ಬಂದಾಗ ಅದಕ್ಕೆ 'ತೆರೆ' ಎನ್ನುವವರು ಯಾರು? ಊಹಿಸಿ! ಹಾರ್ಮೋನೇ? ಅಲ್ಲ. ಆಮ್ಲವೇ? ಅಲ್ಲ.

ಒಂದು ಅನಿಲ!

ನೈಟ್ರಿಕ್ ಆಕ್ಸೈಡ್. ಹೋಟೆಲಿನೆದುರು ಅರಬೈಲ್ ಘಟ್ಟ ಏರಲು ಹೊರಟ ಲಾರಿಯ ಹೊಗೆಯಲ್ಲಿರುವ ಅದೇ ಅನಿಲ! ನಮ್ಮ ನರದ ತುದಿಗಳೇ ಅದನ್ನು ತಯಾರಿಸುತ್ತವೆ. ಅದರ ಆಯುಷ್ಯ ಕೆಲವೇ ಸೆಕೆಂಡು. ರಕ್ತನಾಳಗಳಲ್ಲಿ ಅದು ಸಂದೇಶ ಒಯ್ಯುತ್ತದೆಂದು ತಿಳಿಸಿಕೊಟ್ಟ ಮೂವರಿಗೆ 1998ರಲ್ಲಿ ನೊಬೆಲ್ ಬಂತು!

ಸ್ನಾಯುಕೋಶದೊಳಗೆ ಆ ಸಂದೇಶ ಹಿಡಿಯಲು ಒಂದು ಪ್ರೋಟೀನ್ ಇದೆ. ಅದರ ಒಂದು ಭಾಗ ಕಟ್ಟುವ ಜೀನ್ ಜಿಯುಸಿವೈ1ಎ1. ಅಪ್ಪನಿಂದ ಬಂದದ್ದು, ಅಮ್ಮನಿಂದ ಬಂದದ್ದು ಎರಡೂ ಕೆಟ್ಟರೆ? ಅನಿಲ ಬರುತ್ತದೆ. ಕೇಳುವವರೇ ಇಲ್ಲ! ಬಾಗಿಲು ತೆರೆಯದು. ಅನ್ನ ಮೇಲೇ ನಿಲ್ಲುತ್ತದೆ, ನೀರೂ ಇಳಿಯದು. ಅನ್ನನಾಳವೇ ಹಿಗ್ಗುತ್ತದೆ. ಇದೇ ಅಕಲೇಸಿಯಾ.

2014ರಲ್ಲಿ 3 ಕುಟುಂಬಗಳಲ್ಲಿ ಈ ದೋಷ ಪತ್ತೆಯಾಯಿತು. ಅವರಲ್ಲಿ ಇನ್ನೇನು ಕೆಟ್ಟಿತ್ತು ಗೊತ್ತೇ? ಮಿದುಳಿನ ರಕ್ತನಾಳ! ಅವು ಕಿರಿದಾಗಿದ್ದವು. ರಕ್ತನಾಳದ ಗೋಡೆಯಲ್ಲೂ ಇರುವುದು ನಯಸ್ನಾಯುವೇ. ಜೀನ್ ಒಂದೇ, ಪೆಟ್ಟು ಗಂಟಲ ಕೆಳಗೂ ತಲೆಯೊಳಗೂ!

ಇನ್ನೊಂದು ಜೀನ್ ಎಸಿಟಿಜಿ2. ಸ್ನಾಯು ಬಿಗಿಯಲು ಬೇಕಾದ ಆಕ್ಟಿನ್ ಎಳೆ ಅದರದ್ದು. ಅದು ಕೆಟ್ಟರೆ ಕರುಳು, ಮೂತ್ರಕೋಶ ಸೋಲುತ್ತವೆ, ಕೆಲವರಲ್ಲಿ ಅನ್ನನಾಳವೂ. ಎಷ್ಟು ಕೆಡಬೇಕು? ಸುಮಾರು 300 ಕೋಟಿ ಅಕ್ಷರಗಳ ನಮ್ಮ ಡಿಎನ್ಎಯಲ್ಲಿ ಒಂದೇ ಒಂದು ಅಕ್ಷರ!

ಇಂಥ ಜೀನ್ ದೋಷ ತೀರಾ ಅಪರೂಪ. ಅಕಲೇಸಿಯಾ ಬಂದ ಹೆಚ್ಚಿನವರಲ್ಲಿ ಕೆಟ್ಟಿರುವುದು ಬಾಗಿಲ ಬಳಿಯ ನರಕೋಶ. ಆದರೆ ನೆನಪಿಡಿ: ಅನ್ನವೂ ನೀರೂ ಎದೆಯಲ್ಲೇ ಸಿಕ್ಕಿಕೊಳ್ಳುತ್ತಿದ್ದರೆ 'ಗ್ಯಾಸ್ಟ್ರಿಕ್' ಎಂದು ಮಾತ್ರೆ ನುಂಗುತ್ತ ಕೂರಬೇಡಿ. ಬಲೂನಿನಿಂದ ಹಿಗ್ಗಿಸಿ, ಇಲ್ಲವೇ ಸ್ನಾಯು ಸೀಳಿ ಆ ಬಾಗಿಲನ್ನು ತೆರೆಯುವ ಚಿಕಿತ್ಸೆ ಇದೆ. ತಡಮಾಡದೆ ವೈದ್ಯರಿಗೆ ತೋರಿಸಿ!