ಹಿಮವಾಹನದ ರಕ್ಷಣೆಯೂ ದೋಷನಿರ್ಣಯವೂ

ಹಿಮದ ಮೇಲೆ ಸಂಚರಿಸುವ ಯಂತ್ರವಾಹನವು ಉತ್ತರದ ಶೀತದೇಶಗಳಲ್ಲಿ ವಿನೋದಸಾಧನವಾಗಿರುವಂತೆಯೇ ಜೀವನಸಾಧನವೂ ಆಗಿರುವುದು. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್‌ಕೂರ್ ಎಂಬ ಊರಿನ ಯಂತ್ರಶಿಲ್ಪಿ ಜೋಸೆಫ್ ಅರ್ಮಾಂ ಬೊಂಬಾರ್ಡಿಯೆ (೧೯೦೭–೧೯೬೪) ಎಂಬಾತನ ಎಳೆಯ ಮಗನು, ೧೯೩೪ರ ಚಳಿಗಾಲದಲ್ಲಿ ಹಾದಿಯು ಹಿಮದಿಂದ ಮುಚ್ಚಿದ್ದುದರಿಂದ ಆಸ್ಪತ್ರೆಯನ್ನು ಮುಟ್ಟಲಾರದೆ ಮೃತನಾದನು. ಹುಡುಗತನದಿಂದಲೇ ಇಂತಹ ವಾಹನಗಳ ಪ್ರಯೋಗದಲ್ಲಿ ತೊಡಗಿದ್ದ ಆತನು ೧೯೩೭ರಲ್ಲಿ, ಪಟ್ಟವನ್ನು ಹಲ್ಲುಗಾಲಿಯಿಂದ ತಿರುಗಿಸುವ ಕ್ರಮಕ್ಕೆ ಪೇಟೆಂಟನ್ನು ಪಡೆದು, ೧೯೫೯ರಲ್ಲಿ ‘ಸ್ಕಿ-ಡೂ’ ಎಂಬ ಲಘುವಾಹನವನ್ನು ಪ್ರಚಾರಕ್ಕೆ ತಂದನು. ಜನವಸತಿಗೆ ದೂರದಲ್ಲಿ ಈ ವಾಹನವು ಕೆಟ್ಟು ನಿಂತರೆ ಏರಿದವನ ಪ್ರಾಣಕ್ಕೇ ಅಪಾಯವುಂಟು. ಆದುದರಿಂದ ಇದರ ದೋಷನಿರ್ಣಯವು ಊಹೆಗೆ ಬಿಡತಕ್ಕ ವಿಷಯವಲ್ಲ. ಶಾಸ್ತ್ರಕಾರರು ಹೇಳುವ ಅನ್ವಯವ್ಯತಿರೇಕಗಳೇ ಇಲ್ಲಿಯೂ ಪ್ರಮಾಣವು.

ಮುಂದೆ ದಿಕ್ಕನ್ನು ತಿರುಗಿಸುವ ಸ್ಕೀಗಳು, ಕೆಳಗೆ ಹಿಮವನ್ನು ಹಿಂದಕ್ಕೆ ತಳ್ಳುವ ಅಖಂಡವಾದ ರಬ್ಬರ್ ಪಟ್ಟ, ಎಂಜಿನ್ನಿನ ಬಲವನ್ನು ಪಟ್ಟದ ಕಡೆಗೆ ಒಯ್ಯುವ ಬೆಲ್ಟು—ಇವು ಪ್ರಧಾನಾಂಗಗಳು. ಹಿಮವು ಈ ವಾಹನಕ್ಕೆ ಕೇವಲ ಮಾರ್ಗವಲ್ಲ. ಎಂಜಿನ್ನಿನ ಶಾಖವನ್ನು ಹೊತ್ತುತರುವ ದ್ರವವು, ಪಟ್ಟವು ಎರಚುವ ಹಿಮದಿಂದಲೇ ತಣಿಯುವುದು. ಪಟ್ಟದ ಒಳಮೈಯು ಜಾರುವ ಹಳಿಗಳಿಗೂ ಅದೇ ಹಿಮವು ಎಣ್ಣೆಯ ಕೆಲಸವನ್ನು ಮಾಡುವುದು. ಬರಿಯ ನೀರ್ಗಲ್ಲಿನ ಮೇಲೆ ಬಹುದೂರ ಓಡಿಸಿದರೆ, ಕೊರೆಯುವ ಚಳಿಯಲ್ಲಿಯೂ ಎಂಜಿನ್ನು ಅತಿಯಾಗಿ ಕಾಯುವುದು, ಹಳಿಗಳು ಸವೆಯುವುವು. ಅಲ್ಲಿ ವ್ಯಾಧಿಯ ಕಾರಣವು ಯಂತ್ರದಲ್ಲಿಲ್ಲ, ಮಾರ್ಗದಲ್ಲಿದೆ.

ಎಂಜಿನ್ನು ಹೊರಡದಿದ್ದರೆ ಮೊದಲು ನಿಲುಗಡೆಯ ಗುಂಡಿಯನ್ನೂ ಪೆಟ್ರೋಲಿನ ಪ್ರಮಾಣವನ್ನೂ ನೋಡತಕ್ಕದ್ದು. ಬಳಿಕ ಇಂಧನ, ಕಿಡಿ, ಒತ್ತಡ ಎಂಬ ಮೂರನ್ನು ಕ್ರಮವಾಗಿ ಪರೀಕ್ಷಿಸಬೇಕು. ಬಿಚ್ಚಿದ ಸ್ಪಾರ್ಕ್ ಪ್ಲಗ್ಗು ಒಣಗಿದ್ದರೆ ಇಂಧನವು ಬರುತ್ತಿಲ್ಲವೆಂದೂ, ಪೆಟ್ರೋಲಿನಿಂದ ತೊಯ್ದಿದ್ದರೆ ಬಂದುದು ಉರಿಯುತ್ತಿಲ್ಲವೆಂದೂ ಊಹಿಸಬಹುದು. ತೊಯ್ದುದನ್ನು ತೆಗೆದು ಹೊಸದನ್ನು ಹಾಕಿದೊಡನೆ ಎಂಜಿನ್ನು ಹೊರಟಿತೆನ್ನೋಣ. ಅಷ್ಟರಿಂದಲೇ ದೋಷವು ಪ್ಲಗ್ಗಿನದೆಂದು ಸಿದ್ಧವಾಗದು, ತೇವವೊಂದೇ ಕಾರಣವಾಗಿದ್ದಿರಬಹುದು. ಹಳೆಯದನ್ನೇ ಒಣಗಿಸಿ ಹಾಕಿದಾಗಲೂ ಕೆಲಸ ನಡೆಯದಿದ್ದರೆ ಮಾತ್ರ ಆ ನಿರ್ಣಯವು ದೃಢವಾಗುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ನಿಯಮಕ್ಕೆ ಇದೇ ಆಧಾರ: ಎರಡನ್ನು ಒಮ್ಮೆಲೇ ಬದಲಿಸಿದರೆ ಕಾರ್ಯವು ಸಿದ್ಧಿಸಿದರೂ ಕಾರಣವು ಅಜ್ಞಾತವಾಗಿಯೇ ಉಳಿಯುವುದು.

ಎಂಜಿನ್ನು ನಡೆದರೂ ವಾಹನವು ಚಲಿಸದಿದ್ದರೆ, ಬೆಲ್ಟು ಹರಿದಿದೆಯೋ ಸವೆದಿದೆಯೋ, ಅಥವಾ ಪಟ್ಟವು ನೆಲಕ್ಕೆ ಹೆಪ್ಪುಗಟ್ಟಿ ಅಂಟಿದೆಯೋ ನೋಡಬೇಕು. ಪಟ್ಟವು ಅತಿಯಾಗಿ ಸಡಿಲವಾದರೆ ಹಲ್ಲುಗಾಲಿಯ ಮೇಲೆ ಜಾರುವುದು. ಅತಿಯಾಗಿ ಬಿಗಿದರೆ ಬಲವನ್ನು ತಿಂದು ತಾನೂ ಬೇಗನೆ ಸವೆಯುವುದು. ಎರಡು ಹೊಡೆತದ ಎಂಜಿನ್ನಿನಲ್ಲಿ ಎಣ್ಣೆಯು ಇಂಧನದೊಡನೆ ಉರಿದುಹೋಗುವುದರಿಂದ ಅದರ ಪಾತ್ರೆಯನ್ನು ಪ್ರತಿ ಪ್ರಯಾಣಕ್ಕೂ ಮೊದಲು ನೋಡದಿದ್ದರೆ ಪಿಸ್ಟನ್ನು ಕಚ್ಚಿಕೊಳ್ಳುವುದು. ಚಲಿಸುವ ಅಂಗಗಳನ್ನು ಮುಟ್ಟುವ ಮುನ್ನ ಎಂಜಿನ್ನನ್ನು ನಿಲ್ಲಿಸತಕ್ಕದ್ದು. ಎತ್ತಿ ನಿಲ್ಲಿಸಿದ ಪಟ್ಟವು ತಿರುಗುತ್ತಿರುವಾಗ ಅದರ ಹಿಂದೆ ಯಾರೂ ಇರಕೂಡದು.

ಬೇಸಗೆಯಲ್ಲಿ ನಿಂತಿರುವಾಗಲೇ ಅನೇಕ ದೋಷಗಳು ಹುಟ್ಟುವುವು. ಹಳಸಿದ ಪೆಟ್ರೋಲು ಸೂಕ್ಷ್ಮರಂಧ್ರಗಳನ್ನು ಮುಚ್ಚುವುದು. ತೇವದಿಂದ ಸಿಲಿಂಡರಿನೊಳಗೆ ತುಕ್ಕು ಹಿಡಿಯುವುದು. ಇಂಧನಕ್ಕೆ ಸ್ಥಿರಕದ್ರವ್ಯವನ್ನು ಬೆರೆಸಿ, ಸಿಲಿಂಡರಿಗೆ ರಕ್ಷಕತೈಲವನ್ನು ಸಿಂಪಡಿಸಿ, ಹಿಂಭಾಗವನ್ನು ನೆಲದಿಂದ ಎತ್ತಿ ಇರಿಸುವುದು ಇದಕ್ಕೆ ಪರಿಹಾರ. ಹೊರಡುವಾಗ ಬೆಲ್ಟು, ಪ್ಲಗ್ಗು, ಉಪಕರಣಗಳನ್ನು ಜೊತೆಗೆ ಒಯ್ಯುವವನು ವಿವೇಕಿಯು. ದಾರಿಯ ನಡುವೆ ಕಾರಣವು ತಿಳಿದರೂ ಸಾಧನವಿಲ್ಲದಿದ್ದರೆ ಆ ಜ್ಞಾನವು ಪ್ರಾಣವನ್ನು ಉಳಿಸಲಾರದು.