ಕಲಿಯುವಾಗಲೇ ಕೈಗೆ ಕಾಸು

ಹದಿನೆಂಟು ತುಂಬದ ಮಗನ ಪರವಾಗಿ ಅಪ್ಪ ಸಹಿ ಹಾಕುವ ಕಾಗದಗಳಲ್ಲಿ ಶಾಲೆಯ ಅರ್ಜಿ, ಬ್ಯಾಂಕಿನ ಅರ್ಜಿ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಕಾಗದವಿದೆ. ಅದು ಅಪ್ರೆಂಟಿಸ್ ಕರಾರು. ಕೆಲಸ ಕಲಿಯಲು ಮಗನನ್ನು ಕಳಿಸುತ್ತೇನೆಂದು ಅಪ್ಪ ಒಪ್ಪುತ್ತಾನೆ. ಕಲಿಸುತ್ತೇನೆ, ಕಲಿಯುವಷ್ಟು ದಿನ ತಿಂಗಳು ತಿಂಗಳು ಹಣವನ್ನೂ ಕೊಡುತ್ತೇನೆಂದು ಮಾಲೀಕ ಬರೆದುಕೊಡುತ್ತಾನೆ. ಸರ್ಕಾರ ಅದನ್ನು ನೋಂದಾಯಿಸಿಕೊಳ್ಳುತ್ತದೆ. ಇದಕ್ಕೆ ಆಧಾರವಾದ ಅಪ್ರೆಂಟಿಸ್ ಕಾಯ್ದೆ 1961ರದು, ಜಾರಿಗೆ ಬಂದದ್ದು 1962ರ ಮಾರ್ಚ್ 1ರಂದು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಎಸ್ಸೆಸ್ಸೆಲ್ಸಿ ಮಕ್ಕಳ ಮುಂದೆ ಯಾರಾದರೂ ಇದನ್ನು ಬಿಡಿಸಿ ಹೇಳಿದರೆ ಒಳ್ಳೆಯದಿತ್ತು.

ಕೆಲಸ ಕಲಿಯುವ ಹುಡುಗರು ಈ ಕಡೆ ಹೊಸಬರೇನಲ್ಲ. ಟ್ರ್ಯಾಕ್ಟರ್ ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಬೋರ್‌ವೆಲ್ ಮೋಟರಿಗೆ ತಂತಿ ಸುತ್ತುವ ಅಂಗಡಿ, ಎಲ್ಲಿ ನೋಡಿದರೂ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಮೊದಲು ಚಹಾ ತರುವುದು, ಆಮೇಲೆ ಪಾನಾ ಎತ್ತಿಕೊಡುವುದು, ಮಿಸ್ತ್ರಿ ಊಟಕ್ಕೆ ಹೋದಾಗ ತಾನೇ ನಟ್ಟು ಬಿಚ್ಚಿ ನೋಡುವುದು. ಸಂತೆಯ ದಿನ ‘ಖರ್ಚಿಗೆ ಇರಲಿ’ ಎಂದು ಒಂದಿಷ್ಟು ದುಡ್ಡು. ಮಿಸ್ತ್ರಿ ಒಳ್ಳೆಯವನಾದರೆ ಹುಡುಗ ಪಳಗುತ್ತಾನೆ, ನಾನು ಇದನ್ನು ಹಗುರವಾಗಿ ಕಾಣುವವನಲ್ಲ. ಆದರೆ ನಾಲ್ಕು ವರ್ಷ ದುಡಿದರೂ ಅವನು ಕಲಿತದ್ದಕ್ಕೆ ಒಂದು ಚೀಟಿ ಇರುವುದಿಲ್ಲ, ಬೆರಳು ಜಜ್ಜಿದರೆ ಕೇಳುವವರೂ ಇರುವುದಿಲ್ಲ.

ಕಾಯ್ದೆಯ ಅಪ್ರೆಂಟಿಸ್‌ಗೆ ಇವೆರಡೂ ಇವೆ. ಹದಿನಾಲ್ಕು ತುಂಬಿರಬೇಕು, ಅಪಾಯಕಾರಿ ಉದ್ಯಮವಾದರೆ ಹದಿನೆಂಟು. ತರಬೇತಿಯಲ್ಲಿ ಗಾಯವಾದರೆ ಪರಿಹಾರ ಕೊಡುವುದು ಮಾಲೀಕನ ಹೊಣೆ. ಅಪ್ರೆಂಟಿಸ್ ಅಧಿಕಾರಿಯ ಒಪ್ಪಿಗೆಯಿಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಕೊನೆಗೆ ಪರೀಕ್ಷೆ, ಪಾಸಾದರೆ ದೇಶದಾದ್ಯಂತ ನಡೆಯುವ ಪ್ರಮಾಣಪತ್ರ. ಮೂವತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನೌಕರಿ ಕೊಡುತ್ತೇವೆಂಬ ಭರವಸೆ ಮಾತ್ರ ಕಾಯ್ದೆಯಲ್ಲಿಲ್ಲ. ಅಪ್ರೆಂಟಿಸ್ ಅದರ ಕಣ್ಣಿಗೆ ಕಲಿಯುವವನೇ ಹೊರತು ಕಾರ್ಮಿಕನಲ್ಲ.

ಇನ್ನು ಶಿಷ್ಯವೇತನ. 2019ರಲ್ಲಿ ನಿಯಮ ತಿದ್ದಿದಾಗ ಐದರಿಂದ ಒಂಬತ್ತನೇ ತರಗತಿ ಪಾಸಾದವರಿಗೆ ತಿಂಗಳಿಗೆ ಕನಿಷ್ಠ ₹5,000, ಹತ್ತನೇ ತರಗತಿಯವರಿಗೆ ₹6,000, ಐಟಿಐ ಮುಗಿಸಿದವರಿಗೆ ₹7,000 ಎಂದು ಗೊತ್ತುಮಾಡಿದರು. ಎರಡನೇ ವರ್ಷ ಶೇ 10, ಮೂರನೇ ವರ್ಷ ಶೇ 15 ಹೆಚ್ಚಳ. ಈ ಮೊತ್ತಗಳನ್ನು ಶೇ 36ರಷ್ಟು ಏರಿಸಬೇಕೆಂದು 2025ರ ಮೇ ತಿಂಗಳಲ್ಲಿ ಕೇಂದ್ರದ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿತು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಡಿ ಶಿಷ್ಯವೇತನದ ಕಾಲು ಭಾಗವನ್ನು, ₹1,500 ಮೀರದಂತೆ, ಕೇಂದ್ರ ಸರ್ಕಾರವೇ ಭರಿಸುತ್ತದೆ.

ಅಂದರೆ ಹತ್ತನೇ ತರಗತಿ ಮುಗಿಸಿದವನಿಗೂ ಕಾಯ್ದೆ ಬಾಗಿಲು ತೆರೆದಿದೆ. ತೊಡಕಿರುವುದು ಆಚೆ ಬದಿಯಲ್ಲಿ. ಈ ತಾಲ್ಲೂಕುಗಳವರ ಕಣ್ಣಿರುವುದು ನೈರುತ್ಯ ರೈಲ್ವೆಯ ಹುಬ್ಬಳ್ಳಿ ವರ್ಕ್‌ಶಾಪಿನ ಮೇಲೆ. ಅಲ್ಲಿ ಹತ್ತನೇ ತರಗತಿಯ ಜೊತೆಗೆ ಐಟಿಐ ಕೂಡ ಆಗಿರಬೇಕು, ವಯಸ್ಸು 15ರಿಂದ 24. ಲಿಖಿತ ಪರೀಕ್ಷೆ ಇಲ್ಲ, ಎರಡೂ ಕಡೆಯ ಅಂಕಗಳ ಸರಾಸರಿಯ ಮೇಲೆ ಪಟ್ಟಿ. ‘ಹೆಂಗೂ ಐಟಿಐಗೆ ಹೋಗಾಂವ, ಪಾಸಾದ್ರ ಸಾಕು’ ಎಂದು ಎಸ್ಸೆಸ್ಸೆಲ್ಸಿಯಲ್ಲಿ ಕೈಚೆಲ್ಲಿದ ಹುಡುಗ ಪಟ್ಟಿಯ ಹೊರಗೆ ಉಳಿಯುವುದು ಹೀಗೆ. ಒಳಗೆ ಹೋದವನಿಗೆ ಮುಂದೊಂದು ಅನುಕೂಲವಿದೆ: ರೈಲ್ವೆಯ ಕೆಳಹಂತದ ನೇಮಕಾತಿಯಲ್ಲಿ ಶೇ 20ರಷ್ಟು ಹುದ್ದೆ ಅಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಮೀಸಲು. ಐಟಿಐಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷದವು. ವೆಲ್ಡರ್ ಒಂದೇ ವರ್ಷ, ಎಂಟನೇ ತರಗತಿ ಪಾಸಾದವರಿಗೂ ಪ್ರವೇಶವುಂಟು.

ಊರ ಹತ್ತಿರವೇ ಕಲಿಯಬಾರದೇ? ಹಾವೇರಿ ಜಿಲ್ಲೆಯ ದೊಡ್ಡ ಕಾರ್ಖಾನೆ ಎಂದರೆ ಗ್ರಾಸಿಮ್‌ನದು. ಅದಿರುವುದು ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಗೆ. ನದಿಯಾಚೆ ಹರಿಹರದಲ್ಲಿ ಲೇತ್‌ಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಮುಚ್ಚಿ ಎಷ್ಟೋ ವರ್ಷವಾಯಿತು. ನಮ್ಮ ನಾಲ್ಕು ತಾಲ್ಲೂಕು ಭತ್ತ, ಗೋವಿನಜೋಳ, ಮಾವು, ವೀಳ್ಯದೆಲೆಯ ಸೀಮೆ. ಶಿಗ್ಗಾವಿಯ ಮೈಮೇಲೇ ಪುಣೆ–ಬೆಂಗಳೂರು ಹೆದ್ದಾರಿ ಹಾದರೂ ಮೂವತ್ತು ಜನರನ್ನು ಮೀರಿದ ವರ್ಕ್‌ಶಾಪುಗಳು ವಿರಳ. ಹಾಗೆ ನೋಡಿದರೆ ಕೈಗೆಟಕುವುದು ವಾಯವ್ಯ ಸಾರಿಗೆ ಸಂಸ್ಥೆಯ ಬಸ್ ಡಿಪೋಗಳೇ. ಹಾನಗಲ್, ಸವಣೂರು, ಹಿರೇಕೆರೂರಿನಲ್ಲಿ ಡಿಪೋ ಇದೆ. ಸಂಸ್ಥೆ ಐಟಿಐ ಆದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಬ್ರೇಕು, ಗೇರ್‌ಬಾಕ್ಸು, ಡೀಸೆಲ್ ಪಂಪು ಕಲಿಯಲು ದಿನವೂ ರಿಪೇರಿಗೆ ಬರುವ ಬಸ್ಸಿಗಿಂತ ಒಳ್ಳೆಯ ಪಾಠ ಸಿಗದು. ಮನೆಯ ರೊಟ್ಟಿ ತಿಂದು ಹೋದರೆ ಶಿಷ್ಯವೇತನವೂ ಉಳಿಯುತ್ತದೆ. ಹುಬ್ಬಳ್ಳಿಯಲ್ಲಿ ರೂಮು, ಮೆಸ್ಸು ಎಂದು ಲೆಕ್ಕ ಹಾಕಿದರೆ ಏಳು ಸಾವಿರದಲ್ಲಿ ಎಷ್ಟು ಉಳಿದೀತು ಎಂದು ಮಗನನ್ನು ಓದಿಸುತ್ತಿರುವ ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾಳೆ.

ಸ್ವಿಟ್ಜರ್ಲೆಂಡಿನಲ್ಲಿ ಹೈಸ್ಕೂಲು ಮುಗಿಸಿದ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲಿನವರು ಈ ದಾರಿ ಹಿಡಿಯುತ್ತಾರೆ: ವಾರದಲ್ಲಿ ಮೂರು–ನಾಲ್ಕು ದಿನ ಕಂಪನಿಯಲ್ಲಿ ಸಂಬಳದ ಕೆಲಸ, ಉಳಿದ ಒಂದೆರಡು ದಿನ ಶಾಲೆ. ನಮ್ಮಲ್ಲೂ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ತೃತೀಯ ಭಾಷೆಯ ಬದಲು ಆಟೊಮೊಬೈಲ್, ಐಟಿ, ರಿಟೇಲ್‌ನಂಥ ವೃತ್ತಿ ವಿಷಯ ಓದಬಹುದು. ಆದರೆ ಅದು ಪುಸ್ತಕ, ಲ್ಯಾಬು, ಅಂಕಪಟ್ಟಿಗೆ ಮುಗಿಯುತ್ತದೆ, ಡಿಪೋದವರೆಗೆ ಹೋಗುವುದಿಲ್ಲ. ಆಟೊಮೊಬೈಲ್ ಓದಿದ ಹುಡುಗನನ್ನು ಹತ್ತನೇ ತರಗತಿ ಆದೊಡನೆ ₹6,000ಕ್ಕೆ ಸೇರಿಸಿಕೊಳ್ಳಲು ಕಾಯ್ದೆಯ ಅಡ್ಡಿಯಿಲ್ಲ. ಶಿಕ್ಷಣ ಇಲಾಖೆ, ಸಾರಿಗೆ ಸಂಸ್ಥೆ ಕೂತು ಮಾತಾಡಬೇಕಷ್ಟೆ.

ಹುಡುಗಿಯರ ಲೆಕ್ಕ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಹುಬ್ಬಳ್ಳಿಗೆ ಐವತ್ತು ಕಿ.ಮೀ. ಆಸುಪಾಸಿನ ಶಿಗ್ಗಾವಿಯಿಂದ ಹುಡುಗಿಯೊಬ್ಬಳು ಎಲೆಕ್ಟ್ರಿಷಿಯನ್ ಅಪ್ರೆಂಟಿಸ್ ಆಗಿ ದಿನವೂ ಹೋಗಿ ಬಂದರೆ ಅವಳ ಶಿಷ್ಯವೇತನ ಇಡಿಯಾಗಿ ಮನೆಗೆ ಬರುತ್ತದೆ. ಅದೇ ಬಸ್ಸಿನಲ್ಲಿ ಕೂತ ಅಣ್ಣನದು ಬರುವುದಿಲ್ಲ. ಮಗಳಿಗೆ ಯಾವ ಟ್ರೇಡ್ ಎಂದು ಮನೆಯಲ್ಲಿ ಮಾತು ಬಂದಾಗ ಇದನ್ನೂ ಎಣಿಸಬೇಕು. ನೂರು ಕಿ.ಮೀ. ದಾಟಿದ ಹಿರೇಕೆರೂರಿನವಳಿಗೆ ಈ ಲೆಕ್ಕ ಕೂಡುವುದಿಲ್ಲ, ಅವಳಿಗೆ ಹುಬ್ಬಳ್ಳಿಯಲ್ಲಿ ಹಾಸ್ಟೆಲ್ಲೇ ಬೇಕು.