ಕಾಸರಕೋಡಿನ ಕಾಂಡ್ಲಾ ಕಾಡಿನಲ್ಲಿ

ಹೊನ್ನಾವರದಿಂದ ಭಟ್ಕಳದ ಕಡೆ ಹೊರಟು ಶರಾವತಿ ಸೇತುವೆ ದಾಟಿದರೆ ಕಾಸರಕೋಡು. ಅರಣ್ಯ ಇಲಾಖೆ ಇಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಲಗೆಯ ಕಾಲುದಾರಿ ಮಾಡಿದೆ. ಬಂದವರಲ್ಲಿ ಹೆಚ್ಚಿನವರು ಸೆಲ್ಫಿ ತೆಗೆದುಕೊಂಡು ದೋಣಿ ಹತ್ತುತ್ತಾರೆ. ನೋಡಬೇಕಾದ್ದೆಲ್ಲ ಹಲಗೆಯ ಕೆಳಗಿದೆ.

ಇಳಿತದ ಹೊತ್ತಿಗೆ ಹೋಗಿದ್ದರಿಂದ ಬೇರುಗಳೆಲ್ಲ ಬಯಲಾಗಿದ್ದವು. ರೈಜೋಫೊರಾ ಜಾತಿಯ ಕಾಂಡ್ಲಾ ಕಾಂಡದಿಂದಲೇ ಬಾಗಿದ ಬೇರುಗಳನ್ನು ಇಳಿಸಿ, ಕೆಸರಿಗೆ ಊರಿ ನಿಲ್ಲುತ್ತದೆ. ಪಕ್ಕದಲ್ಲೇ ಉಪ್ಪಟ್ಟಿ, ಅದರ ಬುಡದ ಸುತ್ತ ಪೆನ್ಸಿಲ್ ನೆಟ್ಟಂತೆ ಲೆಕ್ಕವಿಲ್ಲದಷ್ಟು ಉಸಿರುಬೇರು. ಕೆಸರಿನೊಳಗೆ ಗಾಳಿ ಸಾಲದು, ಹಾಗಾಗಿ ಬೇರೇ ಮೇಲೆದ್ದು ಉಸಿರಾಡುತ್ತದೆ. ಉಪ್ಪಟ್ಟಿಯ ಎಲೆಯೊಂದನ್ನು ನೆಕ್ಕಿ ನೋಡಿದೆ, ಉಪ್ಪು! ಒಳಬಂದ ಉಪ್ಪನ್ನು ಅದು ಎಲೆಯಿಂದ ಹೊರಹಾಕುತ್ತದೆ. ರೈಜೋಫೊರಾ ಬಹುಪಾಲನ್ನು ಬೇರಿನಲ್ಲೇ ತಡೆಯುತ್ತದೆ. ಈ ಬೇರುಗಳ ಸಿಕ್ಕಿನಲ್ಲಿ ಹಾಯುವಾಗ ಅಲೆಯ ಬಿರುಸು ಇಳಿಯುತ್ತದೆ, ಹೊತ್ತು ತಂದ ಹೂಳು ಇಲ್ಲೇ ಕೂರುತ್ತದೆ, ದಡ ಉಳಿಯುತ್ತದೆ. ಏಡಿಗೂ ಮೀನಿನ ಮರಿಗೂ ಆಶ್ರಯ. ಕಡಲಂಚಿಗೆ ಕಲ್ಲು ಸುರಿದು ಕಟ್ಟುವ ತಡೆಗೋಡೆ ಇಷ್ಟೆಲ್ಲ ಮಾಡಲಾರದು.

ರೈಜೋಫೊರಾ ನೆಡುವುದು ಸುಲಭ. ಬೀಜ ಮರದಲ್ಲೇ ಮೊಳೆತು ಉದ್ದನೆ ಕೋಲಾಗಿ ಜೋಲುತ್ತದೆ. ಮಳೆಗಾಲದಲ್ಲಿ ಬಲಿತ ಕೋಲನ್ನು ಆರಿಸಿ ಕೆಸರಿಗೆ ಚುಚ್ಚಿದರಾಯಿತು. ತೊಡಕಿರುವುದೂ ಇಲ್ಲೇ. ಸುಲಭವೆಂದು ಕಂಡಕಂಡಲ್ಲಿ ಇದೊಂದನ್ನೇ ಸಾಲು ಹಿಡಿದು ಚುಚ್ಚಿ, ಇಷ್ಟು ಸಾವಿರ ಸಸಿ ಎಂದು ವರದಿ ಬರೆದರೆ ಕಾಡು ಮರಳಿ ಬಂದಂತಾಗುವುದಿಲ್ಲ. ಭರತದ ನೀರು ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಉಪ್ಪಿದೆ ಎಂಬುದನ್ನು ನೋಡಿ ಗಿಡ ಆರಿಸಬೇಕು. ಅಂಚಿನಲ್ಲಿ ಮುಳ್ಳೆಲೆಯ ಹೊಳೆಚುಳ್ಳಿ ತಾನಾಗಿಯೇ ಪೊದೆ ಕಟ್ಟುತ್ತದೆ. ಅದನ್ನು ಸವರದೆ ಬಿಟ್ಟರೆ ಸಾಕು.

ಶರಾವತಿಯ ನೀರಂತೂ ಮೊದಲಿನದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮೇಲೆ, ವಿದ್ಯುತ್ ತೆಗೆದು ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಅಳಿವೆಗೆ ಇಳಿಯುತ್ತದೆ. ಉಪ್ಪಿನಂಶ ಕುಗ್ಗಿತು, ಬಳಚು ಎಂಬ ಚಿಪ್ಪುಜೀವಿ ಕ್ಷೀಣಿಸಿತು. “ಬಳಚು ಬೇಕಂದ್ರೆ ಅಘನಾಶಿನಿಗೇ ಹೋಗ್ಬೇಕು” ಎಂದರು ದೋಣಿಯವರು. ಅಣೆಕಟ್ಟೆಯಿಲ್ಲದ ಆ ಹೊಳೆಯ ಅಳಿವೆ 2024ರಲ್ಲಿ ರಾಮ್ಸರ್ ಜೌಗುಭೂಮಿಗಳ ಪಟ್ಟಿ ಸೇರಿದೆ. ಆದರೆ ಅಲ್ಲಿಯ ಕೆಸರು ಬಯಲನ್ನು ಖಾಲಿ ಜಾಗವೆಂದು ಬಗೆದು ಕಾಂಡ್ಲಾ ತುಂಬಿದರೆ, ಬಳಚು ಆಯುವವರ ಅನ್ನಕ್ಕೇ ಕಲ್ಲು. ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳ ಮಣ್ಣುಕಟ್ಟೆಗಳುಂಟಲ್ಲ, ಅವುಗಳ ಹೊರಮೈಗೆ ನೆಡಲಿ. ಅಲ್ಲಿ ಬೇರು ಕಟ್ಟೆಯನ್ನೂ ಕಾಯುತ್ತದೆ, ಗದ್ದೆಯನ್ನೂ ಕಾಯುತ್ತದೆ.

ಇನ್ನು ಕಾನೂನಿಗೆ ಬಂದರೆ, ಸಾವಿರ ಚದರ ಮೀಟರಿಗೂ ಹೆಚ್ಚಿನ ಕಾಂಡ್ಲಾ ಕಾಡಿನ ಅಂಚಿಗೆ 50 ಮೀಟರ್ ಜಾಗ ಬಿಡಬೇಕೆಂದು ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆ ಹೇಳಿತ್ತು. 2019ರ ಅಧಿಸೂಚನೆ ಬಂದು, ಖಾಸಗಿ ಜಮೀನಿನ ಕಾಂಡ್ಲಾಕ್ಕೆ ಅದು ಬೇಡವೆಂದಿತು. ಭರತದ ನೀರು ಪಹಣಿ ನೋಡಿ ಏರುತ್ತದೆಯೇ?

ಹೋಗುವವರು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನ ಆರಿಸಿ. ಆಗ ಇಳಿತ ಹೆಚ್ಚು, ಬೇರು ಪೂರ್ತಿ ಕಾಣುತ್ತದೆ. ಹೊತ್ತು ಯಾವುದೆಂದು ದೋಣಿಯವರನ್ನು ಕೇಳಿಕೊಂಡು ಹೊರಡಿ.